ಕೃಷ್ಣಮೃಗಕ್ಕೆ ಬೇಡದ ಹಸಿರು

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ನಾಳೆ ನೂರು ಎಕರೆ ನೀಲಗಿರಿ ಕಡಿದರು ಅಂದುಕೊಳ್ಳಿ. ಉಪಗ್ರಹದ ಲೆಕ್ಕದಲ್ಲಿ ಅದು ಅರಣ್ಯನಾಶ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ಸಿದ್ಧಪಡಿಸಿರುವ, 2001ರಿಂದ ವರ್ಷವರ್ಷವೂ ಮರ ಹೋದ ಜಾಗ ಗುರುತಿಸುವ ಜಾಗತಿಕ ನಕ್ಷೆಯಲ್ಲಿ ಅಲ್ಲಿ ಗುಲಾಬಿ ಚುಕ್ಕೆಗಳು ಮೂಡುತ್ತವೆ. ಯಾರಾದರೂ ಅದರ ಸ್ಕ್ರೀನ್‌ಶಾಟ್ ಹಾಕಿ ‘ವನ್ಯಧಾಮಕ್ಕೆ ಕೊಡಲಿ’ ಎಂದು ಬರೆದರೆ ಅಲ್ಲಗಳೆಯುವುದು ಕಷ್ಟ. ಕೃಷ್ಣಮೃಗದ ಕಡೆಯಿಂದ ನೋಡಿದರೆ ಹೋಗಿದ್ದ ಮೇವಿನ ಬಯಲು ವಾಪಸು ಸಿಕ್ಕಿರುತ್ತದೆ. ಅದೇ ಬಯಲಿಗೆ ಮತ್ತೆ ಸಸಿ ನೆಡಿ. ಕೆಲವೇ ವರ್ಷದಲ್ಲಿ ಸರ್ಕಾರಿ ವರದಿಯಲ್ಲಿ ಅರಣ್ಯ ಹೊದಿಕೆ ಹೆಚ್ಚಿರುತ್ತದೆ, ಓಡಾಡಲು ಜಾಗವಿಲ್ಲದ ಪ್ರಾಣಿ ಪಕ್ಕದ ರೈತರ ಶೇಂಗಾ ಹೊಲಕ್ಕೆ ಇಳಿದಿರುತ್ತದೆ.

ನಾನು ಉಪಗ್ರಹದ ವಿರೋಧಿಯಲ್ಲ. ದಾವಣಗೆರೆಯ ಕಾಲೇಜೊಂದರಲ್ಲಿ ಸಿವಿಲ್ ಹುಡುಗರಿಗೆ ದೂರಸಂವೇದಿ ಪಾಠ ಹೇಳುವುದೇ ನನ್ನ ಹೊಟ್ಟೆಪಾಡು. ಮಲೆನಾಡಿನ ದಟ್ಟ ಕಾಡಿನಲ್ಲಿ ಯಾರೋ ಒತ್ತುವರಿ ಮಾಡಿದರೆ, ಗುಡ್ಡದ ನೆತ್ತಿ ಬಗೆದರೆ ಉಪಗ್ರಹದಷ್ಟು ನಿರ್ದಾಕ್ಷಿಣ್ಯ ಸಾಕ್ಷಿ ಬೇರೊಂದಿಲ್ಲ. ನನ್ನ ತಕರಾರು ಒಂದೇ: ಮಲೆನಾಡಿಗೆ ಹೊಂದುವ ಪ್ರಶ್ನೆಯನ್ನೇ ನಮ್ಮ ಬಯಲುಸೀಮೆಯ ರಕ್ಷಿತ ಪ್ರದೇಶಗಳಿಗೂ ಕೇಳುತ್ತಿದ್ದೇವೆ. ಇಲ್ಲಿ ಮರ ಎಷ್ಟಿದೆ ಎಂದು ಕೇಳುವ ಮೊದಲು ಇಲ್ಲಿ ಏನಿರಬೇಕಿತ್ತು ಎಂದು ಕೇಳಬೇಕು.

ನಮ್ಮಪ್ಪ ಹರಿಹರದಲ್ಲಿ ಲಾರಿ ಓಡಿಸುತ್ತಿದ್ದರು. ತುಂಗಭದ್ರೆಯ ಸೇತುವೆ ದಾಟಿದರೆ ಕುಮಾರಪಟ್ಟಣ. 1970ರ ದಶಕದ ಆರಂಭದಿಂದ ಅಲ್ಲಿ ನೀಲಗಿರಿ ಮರದಿಂದ ರೇಯಾನ್ ನೂಲಿಗೆ ಬೇಕಾದ ತಿರುಳು ತೆಗೆಯುವ ಕಾರ್ಖಾನೆ ನಡೆದಿದೆ. ಊರವರಿಗೆ ಅದು ಪಾಲಿಫೈಬರ್ಸ್. ಲೋಡಿನ ಮೇಲೆ ಲೋಡು ಮರ ಹೊತ್ತ ಅಪ್ಪನಿಗೆ ಸಿಪ್ಪೆ ಸುಲಿದ ತುಂಡು ನೋಡಿದರೆ ಎಷ್ಟು ವರ್ಷದ ಮರ ಅನ್ನುವುದು ಗೊತ್ತಾಗುತ್ತಿತ್ತು. ಒಮ್ಮೆ ನನ್ನ ಲ್ಯಾಪ್‌ಟಾಪಿನಲ್ಲಿ ನಕ್ಷೆ ನೋಡುತ್ತ, ಇಲ್ಲಿ ಕಾಡು ಹೋಗಿದೆ, ಇಲ್ಲಿ ಬಂದಿದೆ ಎಂದು ನಾನು ತೋರಿಸುತ್ತಿದ್ದರೆ, ‘ಅದ್ರಾಗೆ ಹೋಗೋದೇನು ಬರೋದೇನು? ಅದು ಕಾಡಲ್ಲಪ್ಪ, ಬೆಳಿ. ಏಳೆಂಟು ವರ್ಷಕ್ಕೆ ಕಡಿಯೋದು, ಬುಡದಿಂದ ಮತ್ತೆ ಚಿಗುರೋದು’ ಅಂದರು. ಲಾರಿಯವರ ಭಾಷೆಯಲ್ಲೇ ಹೇಳುವುದಾದರೆ ಉಪಗ್ರಹ ಒಂದು ವೇಬ್ರಿಡ್ಜ್. ಅದಕ್ಕೆ ತೂಕ ಗೊತ್ತು, ಒಳಗಿನ ಮಾಲು ಗೊತ್ತಿಲ್ಲ.

ನೀಲಗಿರಿ ಕಾಡೋ ಅಲ್ಲವೋ ಎಂಬ ಜಗಳ ಈ ಭಾಗಕ್ಕೆ ಹೊಸದೇನಲ್ಲ. ಇದೇ ಕಾರ್ಖಾನೆಗೆ ಮರ ಒದಗಿಸಲೆಂದು 1984ರಲ್ಲಿ ರಾಜ್ಯ ಸರ್ಕಾರದ ಶೇ 51, ಕಂಪನಿಯ ಶೇ 49 ಪಾಲಿನಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಹುಟ್ಟಿತು. ಸುಮಾರು 30 ಸಾವಿರ ಹೆಕ್ಟೇರ್ ಸಾರ್ವಜನಿಕ ಭೂಮಿಯನ್ನು ಅದಕ್ಕೆ ಕೊಡುವ ಯೋಜನೆ. ಕಾಗದದಲ್ಲಿ ಅವೆಲ್ಲ ಪಾಳು ಭೂಮಿ. ಊರಿನವರಿಗೆ ದನ ಮೇಯುವ, ಸೌದೆ ತರುವ ಜಾಗ. ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಜನ ನೀಲಗಿರಿ ಸಸಿ ಕಿತ್ತು, ಆ ಜಾಗದಲ್ಲಿ ತಮಗೆ ಬೇಕಾದ ಸಸಿ ನೆಟ್ಟರು. ಅದೇ ಕಿತ್ತಿಕೊ–ಹಚ್ಚಿಕೊ ಸತ್ಯಾಗ್ರಹ. ಎಸ್‌.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹೋರಾಟದ ಮುಂದಿತ್ತು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1991ರಲ್ಲಿ ಆ ಕಂಪನಿ ಮುಚ್ಚಿತು. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಅಷ್ಟಾದರೂ ನಮ್ಮ ಅರಣ್ಯದ ಲೆಕ್ಕಪುಸ್ತಕಕ್ಕೆ ಕುಸನೂರಿನ ಸುದ್ದಿ ಇನ್ನೂ ತಲುಪಿಲ್ಲ.

ಲೆಕ್ಕ ಹೇಗಿದೆ ನೋಡಿ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ 1987ರಿಂದ ಎರಡು ವರ್ಷಕ್ಕೊಮ್ಮೆ ದೇಶದ ಅರಣ್ಯ ಸ್ಥಿತಿ ವರದಿ ತರುತ್ತಿದೆ. ಒಂದು ಹೆಕ್ಟೇರ್, ಅಂದರೆ ಎರಡೂವರೆ ಎಕರೆಗಿಂತ ದೊಡ್ಡ ಜಾಗದಲ್ಲಿ ಮರಗಳ ರೆಂಬೆ–ಎಲೆ ನೆಲದ ಶೇ 10ಕ್ಕಿಂತ ಹೆಚ್ಚು ಭಾಗ ಮುಚ್ಚಿದ್ದರೆ ಅದು ಅರಣ್ಯ ಹೊದಿಕೆ. ಜಾಗ ಯಾರದು, ಮರ ಯಾವುದು ಎಂಬುದು ಲೆಕ್ಕಕ್ಕಿಲ್ಲ. ಚನ್ನಗಿರಿ ಕಡೆಯ ಮೂರು ಎಕರೆ ಅಡಿಕೆ ತೋಟವೂ ಇದರೊಳಗೆ ಬರಬಹುದು. ಭದ್ರಾ ನಾಲೆಯ ಕೆಳಗೆ ಭತ್ತದ ಗದ್ದೆಗಳು ಅಡಿಕೆ ತೋಟವಾಗುತ್ತಿರುವುದನ್ನು ದಾವಣಗೆರೆಯಿಂದ ಚನ್ನಗಿರಿಗೆ ಬಸ್ಸಿನಲ್ಲಿ ಹೋಗುವ ಯಾರೂ ನೋಡಬಹುದು. 2021ರ ವರದಿ ಕರ್ನಾಟಕದ ಅರಣ್ಯ ಹೊದಿಕೆ 38,730 ಚದರ ಕಿ.ಮೀ., ಹಿಂದಿನ ವರದಿಗಿಂತ 155 ಚದರ ಕಿ.ಮೀ. ಹೆಚ್ಚು ಎಂದಿತ್ತು. ಹೆಚ್ಚಿದ್ದರಲ್ಲಿ ಎಷ್ಟು ಕಾಡು, ಎಷ್ಟು ತೋಟ, ಎಷ್ಟು ನೆಡುತೋಪು ಎಂದು ಓದುಗನಿಗೆ ಆ ಒಂದು ಸಂಖ್ಯೆಯಿಂದ ತಿಳಿಯುವ ದಾರಿಯೇ ಇಲ್ಲ.

ಯಾವುದನ್ನು ಎಣಿಸಬೇಕು ಎಂಬುದರ ಮೇಲೆ ಕಾಡು ಎಷ್ಟು ಹಿಗ್ಗುತ್ತದೆ, ಕುಗ್ಗುತ್ತದೆ ಎಂಬುದಕ್ಕೆ ಹಳೆಯ ಉದಾಹರಣೆಯೇ ಇದೆ. ರಾಷ್ಟ್ರೀಯ ದೂರಸಂವೇದಿ ಸಂಸ್ಥೆ 1980–82ರ ಲ್ಯಾಂಡ್‌ಸ್ಯಾಟ್ ಚಿತ್ರ ನೋಡಿ ದೇಶದ ಶೇ 14ರಷ್ಟು ಭಾಗ ಅರಣ್ಯ ಎಂದಿತ್ತು. ಡೆಹ್ರಾಡೂನಿನವರು ಹೆಚ್ಚುಕಡಿಮೆ ಅದೇ ಕಾಲದ ಚಿತ್ರ ನೋಡಿ ಶೇ 19.5 ಎಂದರು. ನಡುವಿನ ವ್ಯತ್ಯಾಸ ಸುಮಾರು ಕರ್ನಾಟಕದಷ್ಟು ವಿಸ್ತಾರ! ಕೊನೆಗೆ ಇಬ್ಬರನ್ನೂ ಕೂರಿಸಿ ಲೆಕ್ಕ ಹೊಂದಿಸಬೇಕಾಯಿತು.

ಜಿಲ್ಲಾವಾರು ಕೋಷ್ಟಕದ ಕಥೆಯೂ ಅಷ್ಟೇ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹರಪನಹಳ್ಳಿ ನಮ್ಮಲ್ಲಿತ್ತು, 2018ರಲ್ಲಿ ಬಳ್ಳಾರಿಗೆ ಹೋಯಿತು, ಈಗ ವಿಜಯನಗರದಲ್ಲಿದೆ. ಗಡಿ ನೋಡದೆ ಹೋಲಿಸಿದರೆ ಒಂದು ಕೊಡಲಿಯೂ ಬೀಳದೆ ಜಿಲ್ಲೆಯ ಕಾಡು ಇಳಿದಿರುತ್ತದೆ.

ಇನ್ನು ಪ್ರಯೋಗಾಲಯದ ಪರದೆಯ ಮೇಲೆ ಏನು ಕಾಣುತ್ತದೆ ಎಂದು ಹೇಳುತ್ತೇನೆ. ಯುರೋಪಿನ ಸೆಂಟಿನೆಲ್–2 ಚಿತ್ರಗಳು ಪುಕ್ಕಟೆ. ಹತ್ತು ಮೀಟರ್ ಅಗಲದ ಜಾಗ ಒಂದು ಚುಕ್ಕೆ. ಬಲಿತ ಎಲೆ ಕೆಂಪು ಬೆಳಕನ್ನು ಹೀರುತ್ತದೆ, ನಮ್ಮ ಕಣ್ಣಿಗೆ ಕಾಣದ ಅವಕೆಂಪನ್ನು ವಾಪಸು ಚಿಮ್ಮುತ್ತದೆ. ಆ ವ್ಯತ್ಯಾಸವೇ ನಮ್ಮ ಹಸಿರು ಸೂಚ್ಯಂಕದ ಬುನಾದಿ. ರೂಢಿಯಂತೆ ಅವಕೆಂಪಿಗೆ ಪರದೆಯಲ್ಲಿ ಕೆಂಪು ಬಣ್ಣ ಕೊಡುವುದರಿಂದ ಎಲೆ ಇರುವ ಕಡೆಯೆಲ್ಲ ಕೆಂಪು. ರಾಣೆಬೆನ್ನೂರು ಅಭಯಾರಣ್ಯದ ಮಾರ್ಚ್ ತಿಂಗಳ ಚಿತ್ರ ತೆರೆದರೆ ಒಣಗಿದ ಹುಲ್ಲಿನ ಬಯಲು ಬೂದಿಬಣ್ಣ, ನಡುವೆ ಚೌಕ ಚೌಕ ಕೆಂಪು ತುಂಡುಗಳು, ಅಂಚೆಲ್ಲ ಸ್ಕೇಲ್ ಇಟ್ಟು ಎಳೆದ ಹಾಗೆ ನೆಟ್ಟಗೆ. ತಾನಾಗಿ ಬೆಳೆದ ಕಾಡಿಗೆ ಇಂಥ ನೇರ ಅಂಚು ಎಲ್ಲಿಂದ ಬರಬೇಕು? ‘ಸರ್, ಈ ಕೆಂಪಿರೋದೇ ಒಳ್ಳೆ ಕಾಡು, ಉಳಿದದ್ದೆಲ್ಲ ಹಾಳಾಗಿದೆ ಅಲ್ವಾ?’ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಪಠ್ಯಪುಸ್ತಕದ ಪ್ರಕಾರ ಅವಳು ಹೇಳಿದ್ದು ಸರಿ. ಆ ನೆಲದ ಪ್ರಕಾರ ಪೂರ್ತಿ ಉಲ್ಟಾ.

119 ಚದರ ಕಿ.ಮೀ.ನ ಆ ಪ್ರದೇಶವನ್ನು 1974ರಲ್ಲಿ ಅಭಯಾರಣ್ಯ ಮಾಡಿದ್ದು ಕೃಷ್ಣಮೃಗಕ್ಕಾಗಿ. ದೂರದವರೆಗೆ ಕಣ್ಣು ಹಾಯಬೇಕು, ಅಪಾಯ ಕಂಡರೆ ಹಾರಿ ಓಡಬೇಕು, ಅದು ಆ ಪ್ರಾಣಿ ಬದುಕುವ ರೀತಿ. ಎರೆಭೂತ ಎನ್ನುವ ದೊಡ್ಡ ಬಸ್ಟರ್ಡ್ ಹಕ್ಕಿಯೂ ಒಂದು ಕಾಲಕ್ಕೆ ಅಲ್ಲಿತ್ತು. ನೆಲದ ಮೇಲೇ ಮೊಟ್ಟೆ ಇಡುವ ಅದಕ್ಕೂ ಬಯಲೇ ಬೇಕು. ಅಂಥ ಕಡೆ ಅರಣ್ಯ ಇಲಾಖೆಯೇ ವಿಶಾಲವಾಗಿ ನೀಲಗಿರಿ ನೆಟ್ಟಿತು. ಆಗಿನ ಅಧಿಕಾರಿಗಳನ್ನು ಬೈದು ಪ್ರಯೋಜನವಿಲ್ಲ, ಹುಲ್ಲುಗಾವಲು ಅಂದರೆ ಬರಡು ಎಂದು ದೇಶವೇ ನಂಬಿದ್ದ ಕಾಲ ಅದು. ಈಗಲೂ ಅದನ್ನೇ ನಂಬುವ ಅಳತೆಗೋಲು ಹಿಡಿದಿದ್ದೇವಲ್ಲ, ಅದಕ್ಕೆ ಸಮಜಾಯಿಷಿ ಇಲ್ಲ.

ನಮ್ಮ ಜಿಲ್ಲೆಯದೇ ಆದ ಜಗಳೂರಿನ ರಂಗಯ್ಯನದುರ್ಗದ ಸಮಸ್ಯೆ ಬೇರೆ ಬಗೆಯದು. ಸುಮಾರು 77 ಚದರ ಕಿ.ಮೀ. ಕುರುಚಲು ಕಾಡು, 2011ರಲ್ಲಿ ಕೊಂಡುಕುರಿಗಾಗಿ ವನ್ಯಧಾಮವಾಯಿತು. ನಾಲ್ಕು ಕೊಂಬಿನ ಈ ಪುಟ್ಟ ಪ್ರಾಣಿಗೆ ಒಣ ಎಲೆಯುದುರುವ ಕಾಡು, ಅಡಗಲು ಎತ್ತರದ ಹುಲ್ಲು, ಹತ್ತಿರದಲ್ಲೇ ನೀರು ಬೇಕು. ಬೇಸಿಗೆಯಲ್ಲಿ ಅಲ್ಲಿನ ಮರಗಳೆಲ್ಲ ಬೋಳು. ಏಪ್ರಿಲ್ ಚಿತ್ರವನ್ನು ನವೆಂಬರ್ ಚಿತ್ರದ ಪಕ್ಕದಲ್ಲಿಟ್ಟರೆ ಕಾಡೇ ಮಾಯವಾದಂತೆ ತೋರುತ್ತದೆ. ಡೆಹ್ರಾಡೂನಿನವರು ಅಕ್ಟೋಬರ್–ಡಿಸೆಂಬರ್ ಚಿತ್ರಗಳನ್ನೇ ಬಳಸುವುದು ಇದಕ್ಕೇ, ಅಷ್ಟರ ಮಟ್ಟಿಗೆ ಅವರು ಜಾಣರು. ಆದರೆ ಬಳ್ಳಾರಿ ಜಾಲಿ ಹಬ್ಬಿದರೂ ಹಸಿರೇ, ಲಂಟಾನ ಹಬ್ಬಿದರೂ ಹಸಿರೇ. ಮರದ ಕೆಳಗಿನ ಹುಲ್ಲು ದನ–ಕುರಿಯ ಬಾಯಿಗೆ ಹೋದರೆ, ಬೆಂಕಿಗೆ ಹೋದರೆ ಮೇಲಿನಿಂದ ನೋಡುವವನಿಗೆ ವರ್ಷಾಂತ್ಯದಲ್ಲಿ ಎಲ್ಲವೂ ಮೊದಲಿದ್ದಂತೆಯೇ ಇದೆ. 2021ರ ವರದಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶಗಳ ಹತ್ತು ವರ್ಷದ ಏರಿಳಿತಕ್ಕೆ ಪ್ರತ್ಯೇಕ ಅಧ್ಯಾಯವಿತ್ತು. ಕೊಂಡುಕುರಿಗೆ ಆ ಭಾಗ್ಯ ಇಲ್ಲ.

ಬೇರೆ ದಾರಿ ಇಲ್ಲವೇ ಅಂದರೆ ಇದೆ. ಬ್ರೆಜಿಲ್‌ನ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ 1988ರಿಂದ ಅಮೆಜಾನಿನ ಲೆಕ್ಕ ಇಡುತ್ತಿದೆ. ಅಲ್ಲಿ ಎಣಿಸುವುದು ಮೂಲ ಕಾಡು ಕಡಿದದ್ದನ್ನು. ಒಮ್ಮೆ ಕಡಿದ ಜಾಗದಲ್ಲಿ ಆಮೇಲೆ ಏನೇ ನೆಟ್ಟರೂ ಅದು ಆ ಲೆಕ್ಕದಲ್ಲಿ ಕಾಡಾಗಿ ಮರಳುವುದಿಲ್ಲ. ಸೆರಾಡೋ ಎಂಬ ಹುಲ್ಲು–ಮರ ಬೆರೆತ ಬಯಲಿಗೆ ಬೇರೆಯದೇ ಲೆಕ್ಕ. (ಅಂಕಿಅಂಶ ಹಿಡಿಸದ ಅಧ್ಯಕ್ಷರ ಕಾಲದಲ್ಲಿ, 2019ರಲ್ಲಿ, ಆ ಸಂಸ್ಥೆಯ ನಿರ್ದೇಶಕರ ಕುರ್ಚಿ ಹೋಯಿತು. ಸರಿಯಾದ ಲೆಕ್ಕಕ್ಕೆ ಆ ಅಪಾಯವೂ ಉಂಟು.)

ಮೊದಲ ಲ್ಯಾಂಡ್‌ಸ್ಯಾಟ್ ಹಾರಿದ್ದು 1972ರಲ್ಲಿ, ರಾಣೆಬೆನ್ನೂರು ಅಭಯಾರಣ್ಯ ಆದದ್ದು 1974ರಲ್ಲಿ. ಲ್ಯಾಂಡ್‌ಸ್ಯಾಟಿನ ಹಳೆಯ ಚಿತ್ರಗಳು 2008ರಿಂದ ಎಲ್ಲರಿಗೂ ಉಚಿತ. ಆಗಿನ ಚುಕ್ಕೆ ಸುಮಾರು ಎಂಬತ್ತು ಮೀಟರಿನದು, ಒರಟು. ಆದರೂ ಬಯಲು ಯಾವುದು, ತೋಪು ಯಾವುದು ಎಂದು ಬೇರ್ಪಡಿಸಲು ಸಾಕು. ಹುಲ್ಲು, ಕುರುಚಲು, ಸ್ಥಳೀಯ ಮರ, ನೆಡುತೋಪು ಎಂದು ಬೇರೆ ಬೇರೆ ಬಣ್ಣದಲ್ಲಿ ಒಂದು ಮೂಲ ನಕ್ಷೆ ಮಾಡಿ, ಬೀಟ್ ಗಾರ್ಡ್‌ಗಳನ್ನು ಕರೆದುಕೊಂಡು ನಡೆದು ತಾಳೆ ನೋಡಿ, ಆಮೇಲೆ ಪ್ರತಿಯೊಂದರಲ್ಲೂ ಹೋದದ್ದೆಷ್ಟು ಬಂದದ್ದೆಷ್ಟು ಎಂದು ಬರೆಯಬೇಕು. ಹುಲ್ಲಿನ ಮೇಲೆ ಮರ ಬಂದದ್ದು ನಷ್ಟದ ಕಾಲಮ್ಮಿಗೆ ಹೋಗಬೇಕು. ರಂಗಯ್ಯನದುರ್ಗಕ್ಕೆ 2011ರ ಚಿತ್ರದಿಂದ ಶುರು ಮಾಡಿದರೂ ಆದೀತು.

ಇದಕ್ಕೆ ಹೊಸ ಉಪಗ್ರಹ ಬೇಡ, ದೊಡ್ಡ ಟೆಂಡರೂ ಬೇಡ. ಯಾವ ವರ್ಷ, ಯಾವ ಬ್ಲಾಕಿನಲ್ಲಿ, ಏನು ನೆಟ್ಟರು ಎಂಬುದು ಅರಣ್ಯ ಇಲಾಖೆಯ ನೆಡುತೋಪು ರಿಜಿಸ್ಟರುಗಳಲ್ಲಿ ಇರಬೇಕಾದ ಮಾಹಿತಿ. ಅವನ್ನು ಸ್ಕ್ಯಾನ್ ಮಾಡಿ ಕೊಟ್ಟರೆ ಗಡಿ ಎಳೆಯುವ ಕೆಲಸವನ್ನು ಒಂದು ಸೆಮಿಸ್ಟರಿನಲ್ಲಿ ನಮ್ಮ ಹುಡುಗರೇ ಮುಗಿಸುತ್ತಾರೆ.