ಬೋರ್ಡ್ ಹೋಗಿದೆ ಅಂದ್ರಾ? ಮೊದಲು ಜಾಲರಿ ನೋಡಿ

ಇಂದಿರಾನಗರದಲ್ಲಿ 4 ವರ್ಷ ಒಂದು ದಿನವೂ ಕೈಕೊಡದ ನಮ್ಮ ಫ್ರಂಟ್ ಲೋಡ್ ವಾಷಿಂಗ್ ಮೆಷಿನ್, ಕೆ.ಆರ್.ಪುರಕ್ಕೆ ಮನೆ ಬದಲಿಸಿದ 6 ತಿಂಗಳಿಗೇ ನಿಂತುಹೋಯ್ತು. ಸ್ಕ್ರೀನ್ ಮೇಲೆ 'ಐಇ'. ಒಳಗೆ ಮಗುವಿನ ಬಟ್ಟೆ ರಾಶಿ. ಬಂದ ಮೆಕ್ಯಾನಿಕ್ ಹಿಂಬದಿ ಕೂಡ ನೋಡದೆ, "ಬೋರ್ಡ್ ಹೋಗಿದೆ ಸರ್, 9,000 ಆಗುತ್ತೆ" ಅಂದ. ವಿಸಿಟಿಂಗ್ ಚಾರ್ಜ್ ಕೊಟ್ಟು ಕಳಿಸಿದೆ.

ಆಫೀಸಲ್ಲಿ ಪ್ರೋಗ್ರಾಂ ಓಡದಿದ್ರೆ ಮೊದಲು ಇನ್‌ಪುಟ್ ನೋಡ್ತೀವಿ. ಮೆಷಿನ್‌ಗೆ ಇನ್‌ಪುಟ್ ಅಂದ್ರೆ ನೀರು. 'ಐಇ' ಹೇಳೋದೂ ಅದನ್ನೇ: ಹೊತ್ತಿಗೆ ಸರಿಯಾಗಿ ನೀರು ತುಂಬಿಲ್ಲ. ಪ್ಲಗ್ ತೆಗೆದು, ನಲ್ಲಿ ಮುಚ್ಚಿ, ಹಿಂದಿನ ಪೈಪ್ ಬಿಚ್ಚಿದೆ. ಪೈಪ್ ಸೇರುವ ಬಾಯಲ್ಲಿ ಒಂದು ಪುಟ್ಟ ಜಾಲರಿ. ಅದರ ತುಂಬ ಟ್ಯಾಂಕರ್ ನೀರಿನ ಮರಳು, ಬಿಳಿ ಉಪ್ಪು. ಇಕ್ಕಳದಲ್ಲಿ ಮೆಲ್ಲಗೆ ಎಳೆದು, ಅರ್ಧ ಗಂಟೆ ವಿನೆಗರ್‌ನಲ್ಲಿ ನೆನೆಸಿ, ಹಳೇ ಟೂತ್‌ಬ್ರಷ್‌ನಿಂದ ಉಜ್ಜಿದೆ. ಮೆಷಿನ್ ಓಡ್ತು.

ಕಾವೇರಿ ನೀರಿಗಿಂತ ನಮ್ಮ ಕಡೆಯ ಬೋರ್‌ವೆಲ್ ನೀರು ಗಡುಸು; ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಬಿಸಿಯಾದಾಗ ಅದೇ ಹೀಟರ್ ಮೇಲೆ ಪದರ ಕಟ್ಟುತ್ತೆ. ಗೀಸರ್, ಡಿಶ್‌ವಾಷರ್‌ಗೂ ಇದೇ ಪಾಡು. ಹಾಗಾಗಿ ತಿಂಗಳಿಗೊಮ್ಮೆ ಈ ಜಾಲರಿ, ಮುಂದೆ ಕೆಳಗಿರೋ ಡ್ರೈನ್ ಫಿಲ್ಟರ್ ಎರಡನ್ನೂ ತೊಳೀರಿ. 2-3 ತಿಂಗಳಿಗೊಮ್ಮೆ ಡಿಸ್ಕೇಲಿಂಗ್ ಪೌಡರ್ ಹಾಕಿ, ಬಟ್ಟೆಯಿಲ್ಲದೆ ಬಿಸಿ ನೀರಲ್ಲಿ ಓಡಿಸಿ.

ಕವರ್ ಬಿಚ್ಚಿ ವೈರ್ ಮುಟ್ಟೋ ಸಾಹಸ ಮಾತ್ರ ಬೇಡ. ಬೋರ್ಡ್ ನಿಜವಾಗ್ಲೂ ಹೋಗಿರಬಹುದು. ಆದ್ರೆ ಆ ಮಾತು ಜಾಲರಿ ನೋಡಿದ ಮೇಲೆ.