ಹೋಟೆಲಿಗಾಗಿ ಅಳುವವರು ಬಿಲ್ ತೋರಿಸಲಿ

ಪರೇಲಿನ ಆ ಹೋಟೆಲಿಗೆ ಮೊನ್ನೆ ಇನ್ನೊಂದು ಶ್ರದ್ಧಾಂಜಲಿ ಬಂತು. ಈ ವರ್ಷ ನಾನು ಓದಿದ್ದರಲ್ಲಿ ಇದು ನಾಲ್ಕನೆಯದು. ಹೋಟೆಲ್ ಇನ್ನೂ ಸತ್ತಿಲ್ಲ, ಅದು ಬೇರೆ ಮಾತು. ಬೆಳಿಗ್ಗೆ ಏಳಕ್ಕೆ ಷಟರ್ ಎತ್ತುತ್ತಾರೆ, ರಾತ್ರಿ ಹತ್ತೂವರೆಗೆ ಇಳಿಸುತ್ತಾರೆ. ಆದರೆ ನಮ್ಮ ವಲಸಿಗ ಲೇಖಕರಿಗೆ ಅಷ್ಟು ಕಾಯುವ ತಾಳ್ಮೆ ಎಲ್ಲಿದೆ? ಉಸಿರಾಡುತ್ತಿರುವಾಗಲೇ ಹಾರ ತಂದು ಹಾಕಿಬಿಟ್ಟರು.

ನಾಲ್ಕೂ ಬರಹಗಳ ಅಚ್ಚು ಒಂದೇ. ಭಾನುವಾರ ಅಪ್ಪನ ಬೆರಳು ಹಿಡಿದು ಹೋದದ್ದು. ಕಲ್ಲಿನ ಮೇಜು, ಸ್ಟೀಲಿನ ಲೋಟ, ಗೋಡೆಯ ಮೇಲೆ ಉಡುಪಿ ಕೃಷ್ಣನ ಪಟ, ಅದಕ್ಕೆ ಸುತ್ತಿದ ಮಲ್ಲಿಗೆ. ಆಮೇಲೆ ‘ಆ ರುಚಿ ಈಗೆಲ್ಲಿ’ ಎಂಬ ನಿಟ್ಟುಸಿರು. ಕೊನೆಗೆ ಆರೋಪಪಟ್ಟಿ: ಶೆಜ್ವಾನ್ ದೋಸೆ ಮಾಡುತ್ತಾರೆ, ಸಪ್ಲೈಯರ್‌ಗೆ ಕನ್ನಡ ಬರುವುದಿಲ್ಲ, ಧಣಿಗಳಿಗೆ ದುಡ್ಡಿನ ಆಸೆ ಹತ್ತಿತು. ಓದಿದವರೆಲ್ಲ ಕೆಳಗೆ ಕೈಮುಗಿದ ಚಿಹ್ನೆ ಹಾಕುತ್ತಾರೆ. ನಾನೂ ಎರಡು ಸಲ ಹಾಕಿದ್ದೇನೆ. ಮೂರನೆಯ ಸಲ ಸಿಟ್ಟು ಬಂತು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೋಟೆಲಿನ ಹೆಸರು ಬರೆಯುವುದಿಲ್ಲ. ಹನ್ನೊಂದು ಜನ ಈಗಲೂ ಅಲ್ಲಿ ಸಂಬಳಕ್ಕಿದ್ದಾರೆ, ನನ್ನ ಬಾಯಿಂದ ಅವರ ಹೊಟ್ಟೆಗೆ ಕಲ್ಲು ಬೀಳುವುದು ಬೇಡ. ಇನ್ನೊಂದು ಕಾರಣವೂ ಇದೆ. ಈ ಕತೆಯಲ್ಲಿ ಹೆಸರು ಬದಲಿಸಿದರೆ ಅದು ಲಾಲ್‌ಬಾಗಿನ, ದಾದರಿನ, ಫೋರ್ಟಿನ, ಘಾಟ್‌ಕೋಪರಿನ ಯಾವ ಉಡುಪಿ ಹೋಟೆಲಿಗೂ ಆದೀತು.

ನನಗೂ ಆ ಹೋಟೆಲಿಗೂ ಇರುವುದು ಭಾನುವಾರದ ನಂಟಲ್ಲ. ನನ್ನಪ್ಪ ಅಲ್ಲಿ ಕೆಲಸಕ್ಕಿದ್ದವರು. 1968ರಲ್ಲಿ ಬೈಂದೂರಿನ ಕಡೆಯ ಒಂದು ಹಳ್ಳಿಯಿಂದ, ಊರಿನವರೊಬ್ಬರ ಬೆನ್ನು ಹಿಡಿದು ಬಸ್ಸು ಹತ್ತಿದಾಗ ಅವರಿಗೆ ಹನ್ನೆರಡು ವರ್ಷ. ಮೊದಲ ಎರಡು ವರ್ಷ ಮೋರಿಯ ಪಕ್ಕ ಕೂತು ಕಪ್ಪು ಬಸಿ ತೊಳೆದರು. ಆಮೇಲೆ ಮೇಜು ಒರೆಸುವ ಮಾಣಿ, ಆಮೇಲೆ ಸಪ್ಲೈಯರ್, ಕಡೆಗೆ ಎಂಟು ವರ್ಷ ಗಲ್ಲಾ. ಮಲಗುತ್ತಿದ್ದದ್ದು ಅಡುಗೆಮನೆಯ ಮೇಲಿನ ಅಟ್ಟದಲ್ಲಿ. ಕೆಳಗಿನ ಒಲೆಯ ಕಾವು ಹಲಗೆಗೆ ಏರಿ ಮೇ ತಿಂಗಳಲ್ಲಿ ಮೈಮೇಲೆ ಗುಳ್ಳೆ ಏಳುತ್ತಿತ್ತಂತೆ. ಅವರು ಬಂದ ಹೊತ್ತಿಗೆ ಶಿವಸೇನೆ ಹುಟ್ಟಿ ಎರಡು ವರ್ಷ. ‘ಬಜಾವ್ ಪುಂಗಿ, ಹಟಾವ್ ಲುಂಗಿ’ ಎಂಬ ಕೂಗು ಬೀದಿಯಲ್ಲಿತ್ತು, ಉಡುಪಿ ಹೋಟೆಲುಗಳಿಗೆ ಕಲ್ಲು ಬೀಳುತ್ತಿತ್ತು. ಅಂಥ ದಿನ ಷಟರ್ ಅರ್ಧ ಎಳೆದು ಸಣ್ಣ ಹುಡುಗರನ್ನು ಅಕ್ಕಿ ಮೂಟೆಯ ಹಿಂದೆ ಕೂರಿಸುತ್ತಿದ್ದರಂತೆ. ಸಂಜೆ ಬಿಡುವು ಸಿಕ್ಕರೆ ಕನ್ನಡ ರಾತ್ರಿಶಾಲೆ. ಮುಂಬಯಿಯ ರಾತ್ರಿಶಾಲೆಗಳ ಬೆಂಚುಗಳ ಮೇಲೆ ಎಷ್ಟು ಹೋಟೆಲ್ ಮಾಣಿಗಳು ತೂಕಡಿಸಿಲ್ಲ! ಅಪ್ಪ ಏಳನೆಯ ತರಗತಿಯವರೆಗೆ ತೂಕಡಿಸಿದರು, ಅಲ್ಲಿಗೆ ಮುಗಿಯಿತು.

ಇಷ್ಟು ಹೇಳಿದ್ದು ಕರುಣೆಗಾಗಿ ಅಲ್ಲ. ನೀವು ನೆನೆದು ಕಣ್ಣೀರಿಡುವ ಆ ಅಗ್ಗದ ಇಡ್ಲಿ ಇತ್ತಲ್ಲ, ಅದರ ಬೆಲೆಯಲ್ಲಿ ಯಾರ ಪಾಲು ಎಷ್ಟಿತ್ತು ಎಂದು ಲೆಕ್ಕ ಹಾಕಲಿಕ್ಕೆ. ಹೋಟೆಲ್ ಅಗ್ಗವಾಗಿದ್ದದ್ದು ಕೃಷ್ಣನ ಕೃಪೆಯಿಂದಲ್ಲ. ಹನ್ನೆರಡು ವರ್ಷದ ಹುಡುಗರು ದಿನಕ್ಕೆ ಹದಿನಾಲ್ಕು ಗಂಟೆ ದುಡಿಯುತ್ತಿದ್ದರು. ಅವರಿಗೆ ಮನೆಬಾಡಿಗೆ ಇರಲಿಲ್ಲ, ಪಿ.ಎಫ್. ಇರಲಿಲ್ಲ, ವಾರದ ರಜೆ ಇರಲಿಲ್ಲ. ಸಂಬಳ ಧಣಿಗಳ ಕೈಯಲ್ಲೇ ‘ಜಮೆ’ ಇರುತ್ತಿತ್ತು, ಊರಿಗೆ ಹೋಗುವಾಗ ಕೊಡುತ್ತಿದ್ದರು. ಕಟ್ಟಡ ಹಳೆಯ ಪಗಡಿ ಬಾಡಿಗೆಯದು, ಬಾಂಬೆ ರೆಂಟ್ ಆಕ್ಟಿನ ನೆರಳಿನಲ್ಲಿ ಆ ಬಾಡಿಗೆ ದಶಕಗಳ ಕಾಲ ನಿಂತಲ್ಲೇ ನಿಂತಿತ್ತು. ಈ ಎರಡು ಕಂಬದ ಮೇಲೆ ನಿಂತಿತ್ತು ನಿಮ್ಮ ‘ಆ ರುಚಿ’.

ಈಗ ಆರೋಪಪಟ್ಟಿಗೆ ಬರೋಣ.

ಶೆಜ್ವಾನ್ ದೋಸೆ. ನನಗೂ ಅದು ಸೇರುವುದಿಲ್ಲ. ಆದರೆ ಯಾವ ಶುದ್ಧ ಉಡುಪಿ ಕಾಲದಿಂದ ಇದು ಕೆಟ್ಟಿತು ಎಂದು ಯಾರಾದರೂ ಹೇಳಬಹುದೇ? ಅಪ್ಪನ ಕಾಲದಲ್ಲೇ ಅಲ್ಲಿ ಮಿಸಳ್ ಇತ್ತು, ಬಟಾಟೆ ವಡೆ ಇತ್ತು, ಏಕಾದಶಿಗೆ ಸಾಬುದಾಣಾ ಖಿಚಡಿ ಇತ್ತು. ಉಡುಪಿಯ ಯಾವ ಅಜ್ಜಿ ಮಿಸಳ್ ಮಾಡುತ್ತಿದ್ದಳು ಸ್ವಾಮಿ? ಎದುರಿನ ಗಿರಣಿಯ ಮರಾಠಿ ಕಾರ್ಮಿಕ ಏನು ತಿನ್ನುತ್ತಾನೋ ಅದನ್ನು ಭಟ್ಟರು ಕಲಿತು ಮಾಡಿದರು. ಮುಂಬಯಿಯ ಹೋಟೆಲಿನಲ್ಲಿ ‘ಮೈಸೂರು ಮಸಾಲೆ’ ಎಂದು ತಂದಿಡುವ ದೋಸೆಯನ್ನು ಮೈಸೂರಿನವರು ಕಂಡರೆ ಗುರುತು ಹಿಡಿಯಲಾರರು. ಗಿರಾಕಿಯ ನಾಲಿಗೆ ನೋಡಿ ಅಡುಗೆ ಮಾಡುವುದೇ ಈ ಹೋಟೆಲುಗಳ ಸಂಪ್ರದಾಯ. ಈಗಿನ ಗಿರಾಕಿ ಕಾಲೇಜಿನ ಹುಡುಗ, ಅವನಿಗೆ ಶೆಜ್ವಾನ್ ಬೇಕು. ನೀವು ಗಿರಾಕಿಯಾಗಿ ಉಳಿದಿದ್ದರೆ ನಿಮ್ಮ ನಾಲಿಗೆಗೂ ಮರ್ಯಾದೆ ಸಿಗುತ್ತಿತ್ತು.

ಗಿರಾಕಿ ಎಲ್ಲಿ ಹೋದ ಎಂಬುದೇ ದೊಡ್ಡ ಕತೆ, ಅದನ್ನು ಈ ಶ್ರದ್ಧಾಂಜಲಿಗಳಲ್ಲಿ ಯಾರೂ ಮುಟ್ಟುವುದಿಲ್ಲ. ಆ ಹೋಟೆಲ್ ಇದ್ದದ್ದು ಗಿರಣಿಯ ಗೇಟಿನೆದುರು. ಮೂರು ಪಾಳಿ, ಮೂರು ಸಲ ಭೋಂಗಾ, ಮೂರು ಸಲ ಹೋಟೆಲ್ ತುಂಬುತ್ತಿತ್ತು. ಕಾರ್ಮಿಕರು ಊಟಕ್ಕೆ ಖಾನಾವಳಿಗೆ ಹೋದರೂ ಚಹಾಕ್ಕೆ, ನಾಷ್ಟಾಕ್ಕೆ ಇಲ್ಲಿಗೆ ಬರುತ್ತಿದ್ದರು. 1982ರ ಜನವರಿ 18ಕ್ಕೆ ದತ್ತಾ ಸಾಮಂತರ ಮುಷ್ಕರ ಶುರುವಾಯಿತು. ಸುಮಾರು 2.5 ಲಕ್ಷ ಕಾರ್ಮಿಕರು ಹೊರಗೆ ಬಂದರು. ಬಂದವರಲ್ಲಿ ಬಹಳ ಜನ ಮತ್ತೆ ಒಳಗೆ ಹೋಗಲೇ ಇಲ್ಲ. ಮೊದಲ ಮೂರು ತಿಂಗಳು ಹೋಟೆಲ್ ಉದ್ರಿಯ ಮೇಲೆ ನಡೆಯಿತು, ಅಪ್ಪನ ಕೈಬರಹದಲ್ಲಿ ಎರಡು ಪುಸ್ತಕ ತುಂಬಿತು. ಆ ಹಣ ವಸೂಲಾಗಲಿಲ್ಲ, ಯಾರೂ ಕೇಳಲೂ ಇಲ್ಲ. ಧಣಿಗಳ ಬಗ್ಗೆ ಅಪ್ಪ ಹೇಳುವ ಒಂದೇ ಒಂದು ಒಳ್ಳೆಯ ಮಾತು ಇದು: ‘ಆ ಪುಸ್ತಕ ತೆಗ್ಸಿ ನೋಡ್ಲೇ ಇಲ್ಲೆ.’

ಆಮೇಲೆ 1991ರ ಕಟ್ಟಡ ನಿಯಮಾವಳಿ ಬಂತು, ಗಿರಣಿಯ ಜಮೀನು ಮಾರಲು ದಾರಿಯಾಯಿತು. 2001ರ ತಿದ್ದುಪಡಿ ಆ ದಾರಿಯನ್ನು ಹೆದ್ದಾರಿ ಮಾಡಿತು. ಚಿಮಣಿ ಇದ್ದಲ್ಲಿ ಮಾಲ್, ಮಗ್ಗ ಇದ್ದಲ್ಲಿ ಗಾಜಿನ ಕಚೇರಿ. ಅಂಥದ್ದೇ ಒಂದು ಕಟ್ಟಡದ ಒಂಬತ್ತನೆಯ ಮಹಡಿಯಲ್ಲಿ ನಾನು ಕೂರುತ್ತೇನೆ. ಈ ಪತ್ರಿಕೆ ಓದುವವರಲ್ಲಿ ಅಂಥ ಕಟ್ಟಡಗಳಲ್ಲಿ ಕೂರುವವರು ಇನ್ನೆಷ್ಟು ಜನರೋ. ಅಂದರೆ ಹೋಟೆಲಿನೆದುರು ಜನ ಕಡಿಮೆಯಾಗಲಿಲ್ಲ. ಮೊದಲಿಗಿಂತ ಹೆಚ್ಚು ಸಂಬಳದ ಜನ ಬಂದರು, ಅಷ್ಟೇ. ಆ ಜನ ರಸ್ತೆ ದಾಟಲಿಲ್ಲ.

ನಮ್ಮ ಕಟ್ಟಡದ ಕೆಳಗೇ ಒಂದು ಕಾಫಿ ಅಂಗಡಿ ಇದೆ. ಕಾಗದದ ಲೋಟದಲ್ಲಿ ಹಾಲು ಹೆಚ್ಚು ಕಾಫಿ ಕಡಿಮೆ ಹಾಕಿ 340 ರೂಪಾಯಿ ತೆಗೆದುಕೊಳ್ಳುತ್ತಾರೆ. ಯಾರೂ ಉಸಿರೆತ್ತುವುದಿಲ್ಲ. ಎದುರಿನ ಹೋಟೆಲಿನಲ್ಲಿ ಮಸಾಲೆ ದೋಸೆ 80ರಿಂದ 95 ಆದ ವಾರ ನನ್ನ ಜೊತೆಗಿದ್ದ ಮಿತ್ರರೊಬ್ಬರು, ಅವರೂ ನಮ್ಮವರೇ, ಕವಿತೆ ಬರೆಯುವವರು, ಗಲ್ಲಾದ ಮುಂದೆ ನಿಂತು ‘ಎಂಥ ಲೂಟಿ ಮಾರಾಯ್ರೆ’ ಎಂದು ಐದು ನಿಮಿಷ ವಾದ ಮಾಡಿದರು. ನಾನು ಪಕ್ಕದಲ್ಲಿ ಸೋಂಪು ಅಗಿಯುತ್ತ ನಿಂತಿದ್ದೆ. ಮೊನ್ನೆಯ ಶ್ರದ್ಧಾಂಜಲಿಗೆ ಮೊದಲು ಕೈಮುಗಿದವರು ಅವರೇ.

ಗಲ್ಲಾದವನ ಲೆಕ್ಕ ಕೇಳಿದ್ದೇವೆಯೇ? ನಾನು ಕೇಳಿದೆ, ಆದರೆ ತಡವಾಗಿ. ಹಳೆಯ ಧಣಿಗಳ ಮಕ್ಕಳು ಓದಿ ಅಮೆರಿಕಕ್ಕೆ ಹೋದರು. ಹೋಗಲಿ, ಗಲ್ಲಾದಲ್ಲಿ ಕೂರಬೇಕೆಂದು ಯಾರ ಮಕ್ಕಳ ಹಣೆಯಲ್ಲೂ ಬರೆದಿಲ್ಲ. ಆದರೆ ಹೋಗುವಾಗ ಹೋಟೆಲನ್ನು ‘ಕಂಡಕ್ಟಿಂಗ್’ಗೆ ಕೊಟ್ಟು ಹೋದರು. ಮುಂಬಯಿ ಹೋಟೆಲಿನವರಿಗೆ ಈ ಶಬ್ದ ಗೊತ್ತು: ಲೈಸೆನ್ಸು, ಜಾಗ ಹಳೆಯವರದೇ, ನಡೆಸುವವನು ಬೇರೆ, ಅವನು ತಿಂಗಳಿಗಿಷ್ಟು ಎಂದು ಕಟ್ಟಬೇಕು. ಕರಾರು ಹನ್ನೊಂದು ತಿಂಗಳದ್ದು. ಹನ್ನೊಂದು ತಿಂಗಳಿಗೆ ಬಂದವನು ಹೊಸ ಗ್ರೈಂಡರ್ ಯಾಕೆ ಹಾಕಿಸುತ್ತಾನೆ? ಹಿಟ್ಟು ಹೊರಗಿನಿಂದ ತರಿಸುತ್ತಾನೆ. ಚಟ್ನಿಗೆ ಕಾಯಿ ಅರ್ಧ, ಹುರಿಗಡಲೆ ಅರ್ಧ. ಡಿಕಾಕ್ಷನ್ ಬದಲು ಯಂತ್ರದ ಕಾಫಿ. ರುಚಿ ಹಾಳಾದದ್ದು ಹೀಗೆ, ಒಂದೊಂದೇ ಮೆಟ್ಟಿಲು. 2017ರ ನವೆಂಬರಿನಿಂದ ಹೋಟೆಲಿಗೆ ಜಿಎಸ್‌ಟಿ 5 ಪ್ರತಿಶತವಾಯಿತು ಎಂದು ಗಿರಾಕಿಗಳು ಖುಷಿಪಟ್ಟರು. ಆದರೆ ಹೋಟೆಲಿನವನು ಬಾಡಿಗೆಯ ಮೇಲೆ, ಸಾಮಾನಿನ ಮೇಲೆ ತಾನು ಕಟ್ಟಿದ ತೆರಿಗೆಯನ್ನು ಕಳೆಯುವ ಅವಕಾಶ ಆಗಲೇ ಹೋಯಿತು. 2020ರ ಲಾಕ್‌ಡೌನಿನಲ್ಲಿ ಹುಡುಗರೆಲ್ಲ ಊರಿಗೆ ಹೋದರು, ಅರ್ಧ ಜನ ಮರಳಲಿಲ್ಲ. ತೆರೆದ ಮೇಲೆ ಕಚೇರಿಯವರು ಮನೆಯಿಂದ ಕೆಲಸ. ಉಳಿದದ್ದು ಆ್ಯಪಿನ ಪಾರ್ಸೆಲ್, ಅದರಲ್ಲಿ ನೂರಕ್ಕೆ ಕಾಲು ಭಾಗ ಆ್ಯಪಿನವರಿಗೆ. ನಾವು ಮನೆಯಲ್ಲಿ ಕೂತು ಅರ್ಧ ಬೆಲೆಯ ಕೂಪನ್ ಹಾಕಿ ತರಿಸಿಕೊಂಡು, ‘ದೋಸೆ ಮೆತ್ತಗಾಗಿತ್ತು’ ಎಂದು ಎರಡು ನಕ್ಷತ್ರ ಕೊಟ್ಟೆವು. ಡಬ್ಬಿಯಲ್ಲಿ ಮುಕ್ಕಾಲು ಗಂಟೆ ಕೂತ ದೋಸೆ ಮೆತ್ತಗಾಗದೆ ಇನ್ನೇನಾಗಬೇಕು?

ಎಲ್ಲಕ್ಕಿಂತ ನನ್ನನ್ನು ಕೆರಳಿಸುವುದು ಕೊನೆಯ ಆರೋಪ. ಸಪ್ಲೈಯರ್‌ಗೆ ಕನ್ನಡ ಬರುವುದಿಲ್ಲವಂತೆ, ತುಳು ಬರುವುದಿಲ್ಲವಂತೆ. ‘ನಮ್ಮ ಹುಡುಗರು ಈಗ ಬರುವುದೇ ಇಲ್ಲ’ ಎಂದು ಒಬ್ಬರು ಮರುಗಿದ್ದಾರೆ. ಯಾಕೆ ಬರಬೇಕು? ಕುಂದಾಪುರದ, ಕಾರ್ಕಳದ ಹನ್ನೆರಡು ವರ್ಷದ ಹುಡುಗ ಇವತ್ತು ಶಾಲೆಯಲ್ಲಿದ್ದಾನೆ. 2006ರ ಅಕ್ಟೋಬರಿನಿಂದ ಹದಿನಾಲ್ಕರೊಳಗಿನ ಮಕ್ಕಳನ್ನು ಹೋಟೆಲ್ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ದೊಡ್ಡವನಾದರೆ ಬೆಂಗಳೂರಿಗೋ ಗಲ್ಫಿಗೋ ಹೋಗುತ್ತಾನೆ. ರಾತ್ರಿಶಾಲೆಗಳು ಮುಚ್ಚಿದವು ಎಂದು ನಮ್ಮ ಸಂಘಗಳಲ್ಲಿ ಭಾಷಣ ಕೇಳುತ್ತೇನೆ. ಅಲ್ಲಿ ಕೂರುವ ದುರ್ಗತಿ ನಮ್ಮ ಮಕ್ಕಳಿಗೆ ತಪ್ಪಿತಲ್ಲ ಎಂದು ಒಬ್ಬರಾದರೂ ಹೋಳಿಗೆ ಹಂಚಿದ್ದನ್ನು ಕಂಡಿಲ್ಲ. ‘ನಮ್ಮ ಹುಡುಗರು’ ಎನ್ನುವವರು ತಮ್ಮ ಮಗನನ್ನು ಕಳಿಸುತ್ತಾರೆಯೇ ಎಂದು ಕೇಳುವುದಿಲ್ಲ, ಬಿಡಿ. ಉತ್ತರ ಗೊತ್ತಿದೆ.

ಮೇಜು ಒರೆಸುವವನು ಈಗ ಒಡಿಶಾದವನು, ಝಾರ್ಖಂಡಿನವನು. ಅವನೂ ಅಟ್ಟದಲ್ಲೇ ಮಲಗುತ್ತಾನೆ. ಇವನ ಭಾಷೆ ನಮಗೆ ಬಾರದೆಂದು ನಮ್ಮ ಕರುಳಿಗೆ ಇವನು ಸಂಬಂಧವಿಲ್ಲದವನಾದನೇ? ವಲಸಿಗ ಸಾಹಿತ್ಯ ಎಂದು ನಾವು ಮಾತಾಡುವುದು ಯಾರ ವಲಸೆಯನ್ನು?

ಕಳೆದ ತಿಂಗಳು ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಇಪ್ಪತ್ತೆಂಟು ವರ್ಷ ದುಡಿದು 1996ರಲ್ಲಿ ಬಿಟ್ಟವರು. ಬಿಡುವಾಗ ಒಂದು ಲಕೋಟೆ, ಒಂದು ಶಾಲು, ಒಂದು ಹಿತ್ತಾಳೆ ದೀಪ ಕೊಟ್ಟಿದ್ದರು. ಲಕೋಟೆಯಲ್ಲಿ ಎಷ್ಟಿತ್ತು ಎಂದು ಅಮ್ಮ ಇವತ್ತಿಗೂ ಹೇಳಿ ನಗುತ್ತಾಳೆ. ಶ್ರದ್ಧಾಂಜಲಿಗಳನ್ನು ಓದಿ ಹೇಳಿದಾಗ ಅಪ್ಪ ಕೇಳಿದ್ದು ಒಂದೇ: ‘ಅವ್ರೆಲ್ಲ ಎಂತಕ್ಕೆ ಮರ್ಕುದು ಮಗಾ? ಹೋಯಿ ತಿಂದ್ರ್ ಆತ್ತಲೆ?’

ಒಳಗೆ ಹೋಗಿ ಕೂತೆವು. ಅರ್ಧ ಜಾಗ ಈಗ ಮೊಬೈಲ್ ಅಂಗಡಿ. ಅಪ್ಪ ಮೊದಲು ನೋಡಿದ್ದು ಮೇಜನ್ನಲ್ಲ, ಕೃಷ್ಣನ ಪಟವನ್ನಲ್ಲ, ಅಟ್ಟದ ಏಣಿಯನ್ನು. ಅಲ್ಲಿ ಫ್ಯಾನ್ ಇದೆಯೇ ಎಂದು ಹುಡುಗನನ್ನು ತಮ್ಮ ಹರುಕು ಹಿಂದಿಯಲ್ಲಿ ಕೇಳಿದರು. ‘ಹೈ ಚಾಚಾ, ಏಕ್ ಹೈ’ ಎಂದ. ಸಾಂಬಾರು ನೀರಾಗಿತ್ತು, ಚಟ್ನಿಯಲ್ಲಿ ಕಾಯಿಯನ್ನು ಹುಡುಕಬೇಕಿತ್ತು. ಇಡ್ಲಿ ಮಾತ್ರ ಚೆನ್ನಾಗಿತ್ತು, ಇದನ್ನು ನಾಲ್ವರೂ ಬರೆದಿಲ್ಲ. ಅಪ್ಪ ಎರಡನೆಯ ಪ್ಲೇಟ್ ತರಿಸಿದರು. ಬಿಲ್ಲು 235. ಅದಕ್ಕೆ ಮೊದಲು ಆ ಹೋಟೆಲಿನಲ್ಲಿ ನಾನು ಯಾವಾಗ ತಿಂದಿದ್ದೆ ಎಂದು ರಾತ್ರಿ ಫೋನಿನಲ್ಲಿ ಹಣ ಕೊಟ್ಟ ಲೆಕ್ಕ ತೆಗೆದು ನೋಡಿದೆ. ಹದಿನಾಲ್ಕು ತಿಂಗಳಾಗಿತ್ತು. ಕಚೇರಿಯಿಂದ ಅಲ್ಲಿಗೆ ನಾಲ್ಕು ನಿಮಿಷದ ದಾರಿ.

ಸಂಪಾದಕರಲ್ಲಿ ಒಂದು ಬಿನ್ನಹ. ಮುಂದಿನ ಸಂಚಿಕೆಗೆ ಐದನೆಯ ಶ್ರದ್ಧಾಂಜಲಿ ಬಂದರೆ ಹಾಕಿ, ಬೇಡವೆನ್ನುವುದಿಲ್ಲ. ಆದರೆ ಲೇಖಕರು ಅಲ್ಲಿ ಕೊನೆಯ ಸಲ ಕೊಟ್ಟ ಬಿಲ್ಲಿನ ತಾರೀಕನ್ನು ಅವರ ಹೆಸರಿನ ಕೆಳಗೆ ಅಚ್ಚು ಮಾಡಿ. ನನ್ನದನ್ನು ಬೇಕಾದರೆ ಮೊದಲು ಹಾಕಿ.