ಮಹಾಪೂರ ಕಂಡ ಎಂಜಿನ್

2019ರ ಆಗಸ್ಟಿನಲ್ಲಿ ಕೃಷ್ಣಾ, ಪಂಚಗಂಗೆಯರು ಉಕ್ಕಿ ಶಿರೋಳ ತಾಲೂಕಿನ ಊರುಗಳು ಮುಳುಗಿದುದನ್ನು ವಾಚಕರು ಮರೆತಿರಲಾರರು. ಪೂರ ಇಳಿದೊಡನೆ ಕಾರಿನ ಕೀಲಿ ತಿರುಗಿಸುವ ಆತುರವೇ ಎಂಜಿನ್ನಿಗೆ ಮುಳುವು. ಗಾಳಿ ಒತ್ತಿದರೆ ಕುಗ್ಗೀತು, ನೀರು ಕುಗ್ಗದು. ಸಿಲಿಂಡರಿನಲ್ಲಿ ನಿಂತ ನೀರಿಗೆ ಪಿಸ್ಟನ್ ಬಡಿದು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹಳೆಯ ಗಾಡಿಯಾದರೆ ಬಳಿಕ ಹಲವರು ಹಿಡಿಯುವ ದಾರಿ ಗುಜರಿ ಎಂಜಿನ್ನಿನದು.

ಎರಡೂ 796 ಸಿಸಿಯವೆಂದು ಓಮ್ನಿಯ ಎಂಜಿನ್ನನ್ನು ಮಾರುತಿ 800ಕ್ಕೆ ಕೊಳ್ಳದಿರಿ. ಒಂದು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ ಕೂಡುವಂಥದು. ಬ್ಲಾಕಿನ ಮೇಲೆ ಕೊರೆದ ಸಂಖ್ಯೆಯನ್ನು ಮಾರುವವನ ಕಾಗದದೊಡನೆ ತಾಳೆ ನೋಡಿರಿ. ಕಳವಿನ ಮಾಲೂ ಅಗ್ಗವಾಗಿಯೇ ಬರುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ಅನುಮತಿಯಿಲ್ಲದೆ ಎಂಜಿನ್ ಬದಲಿಸಿದವರು 14 ದಿನಗಳೊಳಗೆ ಆರ್‌ಟಿಒ ಕಚೇರಿಗೆ ತಿಳಿಸಬೇಕು. ಮಕ್ಕಳನ್ನು ಶಾಲೆಗೆ ಒಯ್ಯುವ ಗಾಡಿಯಾದರೆ ಇದನ್ನು ನಾಳೆಗೆ ಬಿಡಲಾಗದು. ಸಂಖ್ಯೆ ಹೊಂದದಿದ್ದರೆ ಅಪಘಾತದ ದಿನ ವಿಮೆಯವರು ತಕರಾರು ತೆಗೆದಾರು.